ಹಂದಿಯ ಕಣ್ಣು ಹೊಳೆಯೋದಿಲ್ಲ

ಹೋದ ತಿಂಗಳು ಈ ಪುಟದಲ್ಲಿ ನಮ್ಮ ಕಾಸರಗೋಡು ಕಡೆಯ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಕಾಡುಹಂದಿ ಅಡ್ಡ ಬಂದು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಒಬ್ಬ ಓದುಗರ ಪತ್ರ ಹಾಕಿದ್ದೆವು. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ವಿಷಯದ್ದು. ದೇಲಂಪಾಡಿ, ಪೆರ್ಲ, ಬಾಯಾರು, ಅಷ್ಟು ದೂರದ, ತಮಿಳುನಾಡಿನ ತಾಳವಾಡಿಯಿಂದಲೂ ಬರೆದಿದ್ದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ತೆಗೆದುಕೊಂಡಿಲ್ಲ, ಎಲ್ಲವೂ ರಾತ್ರಿ ದಾರಿಯದ್ದೇ.

ಪ್ರಶ್ನೆ: ಮಾಷ್ಟ್ರೇ, ಮುಳ್ಳೇರಿಯದಲ್ಲಿ ನನ್ನದೊಂದು ಸಣ್ಣ ಅಂಗಡಿ. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ ಅಡೂರು ಕಡೆ ಮನೆಗೆ ಹೋಗುವವ ನಾನು. ಮೊನ್ನೆ ಒಂದು ತಿರುವು ದಾಟಿದ ಕೂಡಲೇ ಎಡಗಡೆಯ ರಬ್ಬರ್ ತೋಟದಿಂದ ಹಂದಿ ನುಗ್ಗಿತು. ಬಂಪರ್, ರೇಡಿಯೇಟರ್ ಎರಡೂ ಹೋಯಿತು, ನನಗೇನೂ ಆಗಲಿಲ್ಲ. ನಾನು ಬರೀ 60ರಲ್ಲಿದ್ದೆ, ಲೈಟು ಸರಿ ಇತ್ತು, ನಿದ್ದೆಯೂ ಇರಲಿಲ್ಲ. ನಾಯಿ ಬೆಕ್ಕಿನ ಕಣ್ಣು ದೂರದಿಂದಲೇ ಹೊಳೆಯುತ್ತದಲ್ವಾ, ಈ ಹಂದಿ ಮಾತ್ರ ಯಾಕೆ ಕಾಣಲೇ ಇಲ್ಲ?

ಉತ್ತರ: ನಿಮಗೇನೂ ಆಗಲಿಲ್ಲವಲ್ಲ, ಮೊದಲು ಅದೇ ದೊಡ್ಡ ಸಮಾಧಾನ. ಕಾಣದೇ ಇದ್ದದ್ದು ನಿಮ್ಮ ಕಣ್ಣಿನ ತಪ್ಪಲ್ಲ. ನಾಯಿ, ಬೆಕ್ಕು, ದನ, ಜಿಂಕೆ, ಇವುಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯ ಹಾಗೆ ಒಂದು ಪದರ ಇರುತ್ತದೆ. ಗಾಡಿಯ ಲೈಟು ಬಿದ್ದರೆ ಆ ಪದರ ಬೆಳಕನ್ನು ವಾಪಸ್ ಕಳಿಸುತ್ತದೆ, ನಮಗೆ ಎರಡು ಚುಕ್ಕಿ ಹೊಳೆದಂತೆ ಕಾಣುತ್ತದೆ. ಹಂದಿಗೆ ಆ ಪದರವೇ ಇಲ್ಲ. ಕಣ್ಣೂ ಸಣ್ಣದು, ತಲೆ ಬೇರೆ ಯಾವಾಗಲೂ ನೆಲದ ಕಡೆಗೆ. ಮೈಮೇಲೆ ಒಣಗಿದ ಕೆಸರು. ನಮ್ಮ ಕಡೆಯ ರಸ್ತೆಯ ಅಂಚಿನಲ್ಲಿ ಕೆಂಪು ಮಣ್ಣು, ಅದರಾಚೆ ಪೊದೆ ತುಂಬಿದ ಬಲ್ಲೆ, ಆ ಬಲ್ಲೆಯ ನೆರಳಲ್ಲಿ ಇದು ನಿಂತಿದ್ದರೆ ಹಗಲು ಹೊತ್ತಿನಲ್ಲೇ ಗೊತ್ತಾಗುವುದು ಕಷ್ಟ. ಆದ್ದರಿಂದ ಕಣ್ಣು ಹೊಳೆದರೆ ಬ್ರೇಕ್ ಹಿಡಿಯೋಣ ಅಂತ ಕಾಯುತ್ತಾ ಕೂತರೆ ಹಂದಿಯ ಮಟ್ಟಿಗೆ ಆ ಹೊತ್ತು ಬರುವುದೇ ಇಲ್ಲ.

ಇನ್ನು ಆ 'ಬರೀ 60' ಅನ್ನುವ ಮಾತು. ಬೇಸರ ಮಾಡಬೇಡಿ, ನನ್ನ ಪ್ರಕಾರ ತಪ್ಪಿದ್ದು ಅಲ್ಲೇ. 60ರಲ್ಲಿ ಗಾಡಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಹೋಗುತ್ತದೆ. ಕಣ್ಣಿಗೆ ಬಿದ್ದದ್ದು ಏನು ಅಂತ ತಲೆಗೆ ಹೋಗಿ, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದಿರುತ್ತದೆ. ಅಲ್ಲಿಗೆ 25 ಮೀಟರ್ ಆಯಿತು, ಗಾಡಿ ಇನ್ನೂ 60ರಲ್ಲೇ ಇದೆ. ಆಮೇಲೆ ಒಣ ಡಾಮರಿನ ಮೇಲೆ ನಿಲ್ಲಲು ಇನ್ನೂ 20 ಮೀಟರ್ ಬೇಕು. ಒಟ್ಟು 45. ಡಿಮ್ ಲೈಟಿನಲ್ಲಿ ನಿಮಗೆ ಚೆನ್ನಾಗಿ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ ದೂರ. ಅಂದರೆ ಹಂದಿ ಬೆಳಕಿನ ಕೊನೆಯಲ್ಲಿ ನಿಂತಿದ್ದರೆ ಮಾತ್ರ ನೀವು ಪಾರು. ಅದು ಬಂದದ್ದು ಬದಿಯಿಂದ, 15 ಮೀಟರ್ ಹತ್ತಿರದಲ್ಲಿ. ಮಳೆ ಬಂದು ರಸ್ತೆ ಒದ್ದೆಯಾಗಿದ್ದರೆ ಅದೇ 60ಕ್ಕೆ ನಿಲ್ಲಲು 60 ಮೀಟರೇ ಬೇಕಾದೀತು. ಈಗ 40ರಲ್ಲಿ ಲೆಕ್ಕ ಹಾಕಿ: ಒಣ ರಸ್ತೆಯಲ್ಲಿ 26 ಮೀಟರ್, ಒದ್ದೆಯಲ್ಲಿ 33. ಎರಡೂ ಬೆಳಕಿನ ಒಳಗೇ ಬಂತು. ಒಂದು ವೇಳೆ ಡಿಕ್ಕಿ ಆದರೂ ಪೆಟ್ಟು ಅರ್ಧಕ್ಕಿಂತ ಕಡಿಮೆ, ಯಾಕೆಂದರೆ ಪೆಟ್ಟಿನ ಬಲ ವೇಗದ ಲೆಕ್ಕದಲ್ಲಿ ಅಲ್ಲ, ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ದೊಡ್ಡ ಗಂಡು ಹಂದಿ ನೂರು ಕಿಲೋ ದಾಟುವುದುಂಟು, ಅದನ್ನೂ ನೆನಪಿಡಿ.

ನಿಮ್ಮ ಲೈಟು ಎಲ್ಲಿಯವರೆಗೆ ತೋರಿಸುತ್ತದೋ ಅದರೊಳಗೆ ನಿಲ್ಲುವಷ್ಟೇ ವೇಗ ಇರಬೇಕು. ನಾನು ಹೇಳಬೇಕಾದದ್ದು ಇದೊಂದೇ, ಕೆಳಗಿನ ಉತ್ತರಗಳಲ್ಲೂ ಇದೇ ಮತ್ತೆ ಮತ್ತೆ ಬರುತ್ತದೆ. ನಿಮ್ಮ ದಾರಿಯಲ್ಲಿ ತಿರುವಿನ ಆಚೆ ಲೈಟು ಹೋಗುವುದೇ ಇಲ್ಲ, ಹಾಗಾಗಿ ತಿರುವಿಗೆ 40 ಕೂಡ ಜಾಸ್ತಿ.

ಇನ್ನೊಂದು ಸಂಗತಿ ನನ್ನದೇ ಅನುಭವ. ಕೆಲವು ವರ್ಷಗಳ ಹಿಂದೆ ಬೋವಿಕ್ಕಾನ ದಾಟಿ ಬರುತ್ತಿದ್ದೆ. ಹಲಸಿನ ಹಣ್ಣಿನ ಕಾಲ, ರಸ್ತೆ ಬದಿಯಲ್ಲಿ ಹಣ್ಣು ಬಿದ್ದು ಒಡೆದು ಜೀಪಿನೊಳಗೂ ವಾಸನೆ ಬರುತ್ತಿತ್ತು. ಒಂದು ದೊಡ್ಡ ಹಂದಿ ಅಡ್ಡ ದಾಟಿತು. ಬ್ರೇಕ್ ಹಿಡಿದೆ, ಸರಿಯಾಗಿ ನಿಂತೆ. ಹೋಯಿತಲ್ಲಾ ಅಂತ ಕ್ಲಚ್ ಬಿಟ್ಟು ಮುಂದೆ ತೆಗೆದೆ. ತಾಯಿಯ ಹಿಂದೆ ಮರಿಗಳು ಬರುತ್ತಿದ್ದವು. ಸೌತೆಕಾಯಿಯ ಮೇಲೆ ಇರುತ್ತದಲ್ವಾ ಆ ಉದ್ದ ಗೆರೆ, ಅಂಥದ್ದೇ ಗೆರೆಯ ಮರಿಗಳು, ಒಂದು ಮೊಳವೂ ಇಲ್ಲ. ಎರಡು ದಾಟಿದ್ದು ಕಂಡಿತು. ಮೂರನೆಯದು ಕಾಣಲಿಲ್ಲ, ಚಕ್ರದ ಅಡಿಯಲ್ಲಿ ಗೊತ್ತಾಯಿತು. ತಾಯಿ ಬಲ್ಲೆಯೊಳಗಿಂದ ಗುಟುರು ಹಾಕುತ್ತಾ ನಿಂತದ್ದು ಈಗಲೂ ಕಿವಿಯಲ್ಲಿದೆ. ಅವತ್ತಿನಿಂದ ಒಂದು ಹಂದಿ ದಾಟಿದರೆ ನಾನು ಹತ್ತು ಎಣಿಸುತ್ತೇನೆ. ಒಂಟಿ ಗಂಡು ಬಿಟ್ಟರೆ ಅವು ಗುಂಪಿನಲ್ಲೇ ಓಡಾಡುವುದು. ಒಂದು ದಾಟಿತು ಅಂದರೆ ಇನ್ನೂ ಬರುವುದಿದೆ ಅಂತಲೇ ತಿಳಿಯಿರಿ.

ಪ್ರಶ್ನೆ: ದೇಲಂಪಾಡಿಯಲ್ಲಿ ನನಗೆ ರಬ್ಬರ್ ಟ್ಯಾಪಿಂಗ್ ಕೆಲಸ. ಬೆಳಿಗ್ಗೆ ಮೂರೂವರೆಗೆ ಬೈಕಿನಲ್ಲಿ ಹೊರಡಬೇಕು. ಕಾರಿನವರಿಗೆ ಬಂಪರ್ ಹೋದೀತು, ನಮಗೆ ಜೀವವೇ ಹೋಗುತ್ತದೆ. ಹಳೇ ಬೈಕು, ಲೈಟು ಮಂದ. ತಡ ಮಾಡಿ ಹೋದರೆ ರಬ್ಬರ್ ಹಾಲು ಕಡಿಮೆ ಬರುತ್ತದೆ. ಏನು ಮಾಡುವುದು?

ಉತ್ತರ: ಅಣ್ಣಾ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಬೆಳಕು ಹರಿದ ಮೇಲೆ ಹೋಗಿ ಅಂತ ಹೇಳುವುದು ಸುಲಭ, ಬಿಸಿಲೇರಿದ ಮೇಲೆ ಹಾಲು ಇಳಿಯುವುದು ಕಡಿಮೆ ಅಂತ ಗೊತ್ತಿದ್ದವರು ಹಾಗೆ ಹೇಳುವುದಿಲ್ಲ.

ಹಳೇ ಬೈಕುಗಳ ಲೈಟು ಇಂಜಿನ್ ಜೊತೆಗೇ ಏರಿ ಇಳಿಯುತ್ತದೆ. ನಿಧಾನ ಮಾಡಿದರೆ ಲೈಟೂ ಮಂಕಾಗುತ್ತದೆ. ಹಾಗಾಗಿ ಸವಾರರು ಲೈಟಿಗೋಸ್ಕರವೇ ಜೋರು ಹೋಗುತ್ತಾರೆ. ಅದರ ಬದಲು ಒಂದು ಗೇರು ಕಡಿಮೆ ಹಾಕಿ ಹೋಗಿ. ವೇಗ ಇರುವುದಿಲ್ಲ, ಇಂಜಿನ್ ತಿರುಗುತ್ತದೆ, ಲೈಟು ನಿಲ್ಲುತ್ತದೆ. ಸ್ವಲ್ಪ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಹೋಗಲಿ. ಲೈಟಿನ ಗಾಜು ಹಳದಿ ಆಗಿದ್ದರೆ ಬದಲಾಯಿಸಿ. ಟ್ಯಾಪಿಂಗಿಗೆ ತಲೆಗೆ ಕಟ್ಟುವ ಲೈಟನ್ನು ಹೆಲ್ಮೆಟ್ ಮೇಲೆ ಕಟ್ಟಿಕೊಂಡು ಹೋದರೆ ಒಂದು ದೊಡ್ಡ ಅನುಕೂಲ ಇದೆ: ಬೈಕಿನ ಲೈಟು ತಿರುವಿನಲ್ಲಿ ನೇರಕ್ಕೆ, ಅಂದರೆ ಕಾಡಿಗೆ ಬೀಳುತ್ತದೆ, ತಲೆಯ ಲೈಟು ನೀವು ನೋಡಿದ ಕಡೆಗೆ ಬೀಳುತ್ತದೆ. ಎದುರಿಂದ ಯಾರಾದರೂ ಬಂದರೆ ಮಾತ್ರ ತಲೆ ತಗ್ಗಿಸಿ, ಅವರ ಕಣ್ಣಿಗೆ ಹೊಡೆಯಬಾರದು.

ಹಂದಿ ಅಡ್ಡ ಬಂದರೆ ಹ್ಯಾಂಡಲ್ ತಿರುಗಿಸಬೇಡಿ. ಬೈಕ್ ನೆಟ್ಟಗಿಟ್ಟು ಮುಂದಿನ ಹಿಂದಿನ ಎರಡೂ ಬ್ರೇಕ್ ಒಟ್ಟಿಗೆ, ಮುಂದಿನದು ಒಮ್ಮೆಲೇ ಅಲ್ಲ, ಹಿಂಡುತ್ತಾ ಹೋಗಿ. ತಪ್ಪಿಸಲು ಹೋಗಿ ತೋಡಿಗೆ ಬಿದ್ದವರು, ಮರಕ್ಕೆ ಹೊಡೆದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ನಿಮಗೇ ಗೊತ್ತಿದೆ. ಸಾಧ್ಯವಿದ್ದರೆ ಅಕ್ಕಪಕ್ಕದ ತೋಟದವರು ಇಬ್ಬರು ಮೂವರು ಒಟ್ಟಿಗೆ ಹೊರಡಿ, ಮಧ್ಯೆ ಅಂತರ ಇಟ್ಟುಕೊಂಡು. ಒಬ್ಬ ಬಿದ್ದರೆ ಇನ್ನೊಬ್ಬನಿಗೆ ಗೊತ್ತಾಗಬೇಕು. ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳಿ, ಸುಮ್ನೆ ತಲೆ ಮೇಲೆ ಇಟ್ಟರೆ ಅದು ಬಿದ್ದಾಗ ನಿಮಗಿಂತ ಮೊದಲು ಹೋಗುತ್ತದೆ.

ಪ್ರಶ್ನೆ: ನಮ್ಮ ಮನೆಯವರಿಗೆ ಯಕ್ಷಗಾನದ ಹುಚ್ಚು. ಮೇಳ ಎಲ್ಲಿ ಬಂದರೂ ಹೋಗಬೇಕು. ಕಾಲಮಿತಿಯ ಆಟ ಆದರೆ ಹನ್ನೆರಡೂವರೆಗೆ ಬಂದುಬಿಡುತ್ತಾರೆ. ಬೆಳಗಿನವರೆಗಿನ ಆಟ ಆದರೆ ನಾಲ್ಕೂವರೆ ಐದಕ್ಕೆ ಒಬ್ಬರೇ ಕಾರು ಬಿಟ್ಟುಕೊಂಡು ಬರುತ್ತಾರೆ. 'ಚೆಂಡೆ ಕಿವಿಯಲ್ಲೇ ಇರ್ತದೆ, ನಿದ್ದೆ ಎಲ್ಲಿಂದ ಬರ್ತದೆ' ಅಂತಾರೆ. ನನಗೆ ಗೇಟಿನ ಸದ್ದು ಕೇಳುವವರೆಗೆ ಜೀವದಲ್ಲಿ ಜೀವ ಇರುವುದಿಲ್ಲ. ನೀವಾದರೂ ಬುದ್ಧಿ ಹೇಳಿ. (ಪೆರ್ಲ)

ಉತ್ತರ: ಅಕ್ಕಾ, ನಾನೂ ಆಟದ ಹುಚ್ಚಿನವನೇ, ಹಾಗಾಗಿ ಅವರಿಗೆ ಹೋಗಬೇಡಿ ಅಂತ ಹೇಳಲಾರೆ. ಈ ಪುಟವನ್ನು ಅವರ ಕೈಗೇ ಕೊಡಿ. ಮುಂದಿನದ್ದು ಅವರಿಗೆ.

ಭಾವಾ, ಚೆಂಡೆ ಕಿವಿಯಲ್ಲಿರುವುದು ಮೈದಾನದಲ್ಲಿ. ಕಾರಿನ ಬಾಗಿಲು ಹಾಕಿ, ಇಂಜಿನಿನ ಒಂದೇ ರಾಗ ಶುರುವಾಗಿ ಹತ್ತು ನಿಮಿಷಕ್ಕೆ ಅದು ಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದು, ತೋಟದ ಕೆಲಸ ಮಾಡಿ, ರಾತ್ರಿ ಆಟಕ್ಕೆ ಹೋದವರಿಗೆ ಬೆಳಗಿನ ನಾಲ್ಕೂವರೆಗೆ ಎಚ್ಚರ ಇದ್ದು ಇಪ್ಪತ್ತೆರಡು ಗಂಟೆ ದಾಟಿರುತ್ತದೆ. ಹದಿನೇಳು ಗಂಟೆ ಎಚ್ಚರವಿದ್ದವರನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅವರ ಕೈಕಾಲು, ಗಮನ ಎರಡೂ 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯ ಇದ್ದವರಷ್ಟೇ ಕುಂಠಿತವಾಗಿತ್ತು. ನಮ್ಮ ಕಾನೂನಿನಲ್ಲಿ 30 ಮಿ.ಗ್ರಾಂ. ದಾಟಿದರೆ ಕುಡಿದು ಓಡಿಸಿದ ಕೇಸು. ನೀವು ಒಂದು ತೊಟ್ಟೂ ಮುಟ್ಟದೆ, ದೇವರ ಪ್ರಸಾದ ತಿಂದುಕೊಂಡು, ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಸ್ಟಿಯರಿಂಗ್ ಹಿಡಿಯುತ್ತೀರಿ.

ಅದರ ಮೇಲೆ ಬೆಳಗಿನ ಮೂರರಿಂದ ಐದು ಶರೀರ ಅತಿ ಸೋತಿರುವ ಹೊತ್ತು. ಆಗ ಬರುವುದು ಪೂರ್ತಿ ನಿದ್ದೆಯಲ್ಲ. ಕಣ್ಣು ತೆರೆದಿದ್ದೇ ಮೂರು ನಾಲ್ಕು ಸೆಕೆಂಡು ತಲೆ ಖಾಲಿ. 60ರಲ್ಲಿ ನಾಲ್ಕು ಸೆಕೆಂಡು ಅಂದರೆ 65 ಮೀಟರಿಗೂ ಜಾಸ್ತಿ, ಕಾರಿನಲ್ಲಿ ಯಾರೂ ಇಲ್ಲದ ಹಾಗೆ. ಆಮೇಲೆ ಕೇಳಿದರೆ ನಿದ್ದೆ ಬಂದೇ ಇಲ್ಲ ಅಂತ ಪ್ರಾಮಾಣಿಕವಾಗಿ ಹೇಳುತ್ತೀರಿ. ಗುರುತು ಹಿಡಿಯುವುದು ಹೀಗೆ: ಹಂಪ್ ಬಂದದ್ದು ಹಾರಿದ ಮೇಲೆ ಗೊತ್ತಾಯಿತಾ? ಹಿಂದಿನ ಪೇಟೆ ದಾಟಿದ್ದು ನೆನಪಿಲ್ವಾ? ಚಕ್ರ ಒಂದು ಸಲ ಮಣ್ಣಿಗೆ ಇಳಿಯಿತಾ? ಇದರಲ್ಲಿ ಒಂದಾದರೂ ಆಗಿದ್ದರೆ ಅಲ್ಲೇ ಬದಿಗೆ ಹಾಕಿ ನಿಲ್ಲಿಸಿ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹೊಡೆಯುವುದು, ಇದೆಲ್ಲ ಐದು ನಿಮಿಷದ ಮಾತು.

ನಿದ್ದೆಗೆ ನಿದ್ದೆಯೇ ಮದ್ದು. ಆಟ ಇರುವ ದಿನ ಮಧ್ಯಾಹ್ನ ಊಟ ಮಾಡಿ ಎರಡು ಗಂಟೆ ಮಲಗಿಬಿಡಿ. ಮಂಗಳ ಹಾಡಿದ ಕೂಡಲೇ ಕಾರು ತೆಗೆಯಬೇಡಿ. ಅಲ್ಲೇ ಒಂದು ಕಾಫಿ ಕುಡಿದು, ಸೀಟು ಹಿಂದೆ ಬಾಗಿಸಿ, ಇಪ್ಪತ್ತು ನಿಮಿಷಕ್ಕೆ ಅಲಾರಾಂ ಇಟ್ಟು ಕಣ್ಣು ಮುಚ್ಚಿ. ಕಾಫಿ ಮೈಗೆ ಹಿಡಿಯಲು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಸೇರಿ ಕೆಲಸ ಮಾಡುತ್ತದೆ. ಇನ್ನೂ ಒಳ್ಳೆಯದು ಬೆಳಕು ಹರಿಯುವವರೆಗೆ ಅಲ್ಲೇ ಮಲಗುವುದು. ರಾತ್ರಿಯಿಡೀ ತೋಟ ಗದ್ದೆಯಲ್ಲಿ ತಿರುಗಿದ ಹಂದಿ, ಕಡವೆ ಎಲ್ಲ ಗುಡ್ಡೆಗೆ ವಾಪಸ್ ಹೋಗುವುದೂ ನೀವು ಬರುವ ಅದೇ ಹೊತ್ತಿಗೆ. ಶೀತಕ್ಕೆ ಅಂತ ಸೆಟ್ರಿಜಿನ್ ಮಾತ್ರೆ ನುಂಗಿದ್ದರೆ ಅವತ್ತು ಕಾರು ಬೇಡವೇ ಬೇಡ, ಯಾರ ಜೊತೆಗಾದರೂ ಹೋಗಿ.

ಮತ್ತೆ ಅಕ್ಕ, ನೀವು ಮನೆಯಿಂದ 'ಎಲ್ಲಿಗೆ ಮುಟ್ಟಿದ್ರಿ' ಅಂತ ಫೋನ್ ಮಾಡಬೇಡಿ. ಓಡಿಸುತ್ತಿರುವಾಗ ಆ ಫೋನೇ ಸಾಕು. ಹೊರಡುವಾಗ ಒಂದು ಸಲ ಅವರೇ ಹೇಳಲಿ.

ಪ್ರಶ್ನೆ: ಬಂಪರಿಗೆ ಅಂಟಿಸುವ ಒಂದು ಸಣ್ಣ ವಿಸಲ್ ಆನ್‌ಲೈನಿನಲ್ಲಿ ಸಿಗುತ್ತದೆ. ಗಾಳಿಗೆ ಸದ್ದು ಮಾಡುತ್ತದಂತೆ, ನಮಗೆ ಕೇಳುವುದಿಲ್ಲ, ಪ್ರಾಣಿ ಓಡಿಹೋಗುತ್ತದಂತೆ. ತರಿಸಲಾ? (ಬಾಯಾರು)

ಉತ್ತರ: ಬೇಡ. ಹೊರದೇಶಗಳಲ್ಲಿ ಜಿಂಕೆಗಳ ಮೇಲೆ ಪರೀಕ್ಷಿಸಿ ನೋಡಿದಾಗ ಡಿಕ್ಕಿ ಕಡಿಮೆಯಾದದ್ದು ಕಾಣಲಿಲ್ಲ. ಆ ದುಡ್ಡಿಗೆ ವೈಪರಿನ ರಬ್ಬರ್ ಬದಲಾಯಿಸಿ. ವಿಸಲ್ ಇದೆ ಅಂತ ನೀವು ಹತ್ತು ಕಿಲೋಮೀಟರ್ ವೇಗ ಏರಿಸಿದರೆ ಅದು ಇದ್ದದ್ದೇ ಕೆಟ್ಟದ್ದಾಯಿತು.

ಪ್ರಶ್ನೆ: ಎದುರಿನವರು ಡಿಮ್ ಮಾಡುವುದೇ ಇಲ್ಲ. ಕಣ್ಣು ಕುಕ್ಕಿ ಏನೂ ಕಾಣುವುದಿಲ್ಲ. ನಾನೂ ಹೊರಗಿನ ಎಲ್‌ಇಡಿ ಬಲ್ಬ್ ಹಾಕಿಸಬೇಕೆಂದಿದ್ದೇನೆ. ಅಪ್ಪನಿಗೆ 62, ಅವರಂತೂ ರಾತ್ರಿ ಓಡಿಸುವಾಗ ತುಂಬಾ ಕಷ್ಟಪಡುತ್ತಾರೆ. (ಬದಿಯಡ್ಕ)

ಉತ್ತರ: ನೀವೂ ಹಾಕಿಸಿದರೆ ಎದುರಿನವನಿಗೂ ಕಾಣುವುದಿಲ್ಲ, ನಿಮಗೂ ಕಾಣುವುದಿಲ್ಲ. ಇಬ್ಬರು ಕುರುಡರು ಒಂದೇ ಸಣ್ಣ ರಸ್ತೆಯಲ್ಲಿ. ಹ್ಯಾಲೊಜನ್ ಬಲ್ಬಿಗೆ ಮಾಡಿದ ಲೈಟಿನ ಬುರುಡೆಗೆ ಎಲ್‌ಇಡಿ ತುರುಕಿದರೆ ಬೆಳಕು ರಸ್ತೆಗೆ ಬೀಳುವ ಬದಲು ನಾಲ್ಕು ಕಡೆ ಚೆಲ್ಲುತ್ತದೆ, ಮುಂದೆ ತುಂಬ ಬೆಳಗಿದಂತೆ ಕಂಡರೂ ದೂರ ಕಾಣುವುದಿಲ್ಲ. ಕಾನೂನಿಗೂ ಅದು ವಿರುದ್ಧ.

ಎದುರಿನ ಲೈಟು ಕುಕ್ಕಿದಾಗ ಅದನ್ನು ನೋಡಬೇಡಿ. ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡಿ, ಗೆರೆ ಇಲ್ಲದಿದ್ದರೆ ಡಾಮರ್ ಮುಗಿದು ಮಣ್ಣು ಶುರುವಾಗುವ ಜಾಗ ನೋಡಿ, ಕಾಲು ಆಕ್ಸಿಲರೇಟರಿನಿಂದ ತೆಗೆಯಿರಿ. ಆ ಗಾಡಿ ದಾಟಿದ ಮೇಲೂ ಕಣ್ಣಿಗೆ ಕೆಲವು ಸೆಕೆಂಡು ಕತ್ತಲೆಯೇ. ಎಷ್ಟೋ ಜನ ಸರಿಯಾಗಿ ಆಗಲೇ ವೇಗ ಏರಿಸುತ್ತಾರೆ, ಸದ್ಯ ಹೋಯಿತು ಅಂತ. ಆ ಕೆಲವು ಸೆಕೆಂಡಿನಲ್ಲಿ ನಿಮ್ಮ ಮುಂದೆ ಒಂದು ದನ ಮಲಗಿದ್ದರೂ ಕಾಣುವುದಿಲ್ಲ. ದನ ಮಲಗಿರುತ್ತದೆ ಕೂಡ, ರಾತ್ರಿ ಡಾಮರ್ ಬೆಚ್ಚಗಿರುತ್ತದಲ್ವಾ.

ರಸ್ತೆ ಖಾಲಿ ಇದ್ದರೆ ಬ್ರೈಟ್ ಹಾಕಿಯೇ ಹೋಗಿ, ಅದು ತಪ್ಪಲ್ಲ. ಎದುರು ಗಾಡಿ ಬಂದಾಗ ಡಿಮ್, ಪ್ರಾಣಿ ಕಂಡಾಗಲೂ ಡಿಮ್. ಬ್ರೈಟ್ ಬಿದ್ದರೆ ಅದಕ್ಕೂ ಕಣ್ಣು ಕುಕ್ಕುತ್ತದೆ, ಎತ್ತ ಹೋಗಬೇಕೆಂದು ತಿಳಿಯದೆ ನಿಂತುಬಿಡುತ್ತದೆ. ಡಿಮ್ ಮಾಡಿ ನಿಲ್ಲಿಸಿದರೆ ತಾನಾಗಿ ಹೋಗುತ್ತದೆ.

ಗಾಜನ್ನು ಒಳಗಿನಿಂದ ಒರೆಸಿ. ಹೊರಗೆ ಎಲ್ಲರೂ ಒರೆಸುತ್ತಾರೆ. ಒಳಗಡೆ ಸಣ್ಣಗೆ ಎಣ್ಣೆಯಂಥ ಪೊರೆ ಕೂತಿರುತ್ತದೆ, ಹಗಲು ಕಾಣುವುದಿಲ್ಲ, ರಾತ್ರಿ ಎದುರಿನ ಲೈಟು ಬಿದ್ದಾಗ ಗಾಜಿಡೀ ಬೆಳ್ಳಗಾಗುತ್ತದೆ. ಒದ್ದೆ ಪೇಪರಿನಲ್ಲಿ ಉಜ್ಜಿ, ಒಣ ಪೇಪರಿನಲ್ಲಿ ಒರೆಸಿ ನೋಡಿ, ಅರ್ಧ ಕಷ್ಟ ಅಲ್ಲೇ ಹೋಗುತ್ತದೆ. ಅಪ್ಪನ ವಿಷಯ ಬೇರೆ. ಅರುವತ್ತರ ಕಣ್ಣಿನ ಒಳಗೆ ಇಪ್ಪತ್ತರ ಕಣ್ಣಿಗೆ ಹೋಗುವುದರ ಮೂರನೇ ಒಂದರಷ್ಟೇ ಬೆಳಕು ಹೋಗುತ್ತದೆ. ಕಣ್ಣಿನ ಪೊರೆ ಶುರುವಾಗಿದ್ದರೆ ಲೈಟಿನ ಸುತ್ತ ಬಳೆ ಬಳೆ ಕಾಣುತ್ತದೆ. ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ರಾತ್ರಿ ಓಡಿಸುವುದು ನೀವೇ ಮಾಡಿ, ಅವರಿಗೆ ಬೇಸರ ಆಗದ ಹಾಗೆ.

ಪ್ರಶ್ನೆ: ತಾಳವಾಡಿಯಿಂದ ಬರೆಯುತ್ತಿದ್ದೇನೆ. ನಮ್ಮ ತರಕಾರಿ ಗಾಡಿ ವಾರಕ್ಕೆ ಮೂರು ಸಲ ದಿಂಬಂ ಘಾಟಿ ಇಳಿಯಬೇಕು. ನಮ್ಮಲ್ಲಿ ಹಂದಿಗಿಂತ ಆನೆ ಭಯ. ಎದುರು ಸಿಕ್ಕರೆ ಹಾರ್ನ್ ಹೊಡೆಯಬೇಕೋ ಬೇಡವೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಹೊಡೆಯಬೇಡಿ. ಬಣ್ಣಾರಿಯಿಂದ ದಿಂಬಂವರೆಗೆ 27 ಹೇರ್‌ಪಿನ್ ತಿರುವು, ಅಲ್ಲಿ ಆನೆ ಎದುರಾದರೆ ಹಿಂದೆ ಸರಿಯಲೂ ಜಾಗ ಕಡಿಮೆ. ಆ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಲ್ಲಿಸಬೇಕೆಂದು ಮದ್ರಾಸ್ ಹೈಕೋರ್ಟು 2022ರ ಫೆಬ್ರವರಿಯಲ್ಲಿ ಆದೇಶ ಮಾಡಿದ್ದು ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿವೆ ಅಂತಲೇ. ಬಂಡೀಪುರದ ದಾರಿಗೆ ಅದೇ ಹೊತ್ತಿನ ತಡೆ 2009ರಿಂದ ಇದೆ. ಇದರಿಂದ ನಿಮಗೆ, ವ್ಯಾಪಾರಕ್ಕೆ ಎಷ್ಟು ತೊಂದರೆ ಅಂತ ಗೊತ್ತು. ಆದರೂ ನಾನು ಈ ತಡೆಯ ಪರವೇ. 9ಕ್ಕೆ ಮುಂಚೆ ಗೇಟು ದಾಟಬೇಕೆಂದು ಎಂಟೂವರೆಗೆ ಓಟ ಕಿತ್ತುಕೊಳ್ಳುವುದು ಮಾತ್ರ ಬೇಡ, ತಡೆಯ ಉದ್ದೇಶವೇ ಹಾಳಾಗುತ್ತದೆ.

ಆನೆ ಅಷ್ಟು ದೊಡ್ಡದಿದ್ದರೂ ರಾತ್ರಿ ಕಾಣುವುದು ತಡ. ಮೈಬಣ್ಣ, ಡಾಮರಿನ ಬಣ್ಣ ಒಂದೇ. ಕಣ್ಣು ಇರುವ ಎತ್ತರಕ್ಕೆ ಡಿಮ್ ಲೈಟು ಹೋಗುವುದೇ ಇಲ್ಲ. ಕಾಟಿಯದ್ದೂ, ಅಂದರೆ ಕಾಡುಕೋಣದ್ದೂ ಹಾಗೆಯೇ, ಕರಿ ಮೈ ಕಾಣುವುದಿಲ್ಲ, ಮೊಣಕಾಲಿನ ಕೆಳಗೆ ಬಿಳಿ ಸಾಕ್ಸ್ ಹಾಕಿದ ಹಾಗಿರುವ ನಾಲ್ಕು ಕಾಲು ಮಾತ್ರ ಮೊದಲು ಕಾಣುತ್ತದೆ. ನಾನು ಒಮ್ಮೆ ಪರಪ್ಪ ಕಾಡಿನ ಹತ್ತಿರ ಅದನ್ನು ನೋಡಿ ಯಾರೋ ಬಿಳಿ ಪಂಚೆಯವರು ನಿಂತಿದ್ದಾರೆ ಅಂತಲೇ ತಿಳಿದಿದ್ದೆ. ರಸ್ತೆಯ ಮೇಲೆ ಹಸಿ ಲದ್ದಿ, ಮುರಿದ ಬೈನೆ ಮರ, ಎಳೆದು ಹಾಕಿದ ಬಿದಿರು ಕಂಡರೆ ಆನೆ ಹತ್ತಿರದಲ್ಲೇ ಇದೆ ಅಂತ ಲೆಕ್ಕ.

ಕಂಡರೆ ದೂರದಲ್ಲೇ ನಿಲ್ಲಿಸಿ. ಲೈಟು ಡಿಮ್ ಮಾಡಿ, ಇಂಜಿನ್ ಆಫ್ ಮಾಡಬೇಡಿ, ಇಳಿಯಬೇಡಿ, ಫೋಟೋದ ಫ್ಲಾಶ್ ಬೇಡ. ನಿಮ್ಮ ಕಡೆಗೆ ಬಂದರೆ ಮೆಲ್ಲಗೆ ಹಿಂದೆ ತೆಗೆಯಿರಿ. ಮರಿ ಒಂದು ಕಡೆ, ತಾಯಿ ಇನ್ನೊಂದು ಕಡೆ ಇದ್ದಾಗ ನಡುವೆ ನುಗ್ಗಿದರೆ ಯಾವ ಗಾಡಿಯೂ ಉಳಿಯುವುದಿಲ್ಲ. ಕಾರೆಪಾಳ್ಯ, ಆಸನೂರು ಕಡೆ ಆನೆಗಳು ಕಬ್ಬಿನ ಲಾರಿ ನಿಲ್ಲಿಸುವುದು ಈಗ ಊರಿಗೇ ಗೊತ್ತಿರುವ ಸಂಗತಿ. ಅದನ್ನು ಕಲಿಸಿದ್ದು ನಾವು. ಲಾರಿಯಿಂದ ಎರಡು ಜಲ್ಲೆ ಎಸೆದೆವು, ಅವು ಕಾಯಲು ಶುರುಮಾಡಿದವು. ನಿಮ್ಮ ಗಾಡಿಯಿಂದ ಒಂದು ಎಲೆಕೋಸೂ ರಸ್ತೆಗೆ ಬೀಳದ ಹಾಗೆ ಟಾರ್ಪಲ್ ಬಿಗಿದು ಕಟ್ಟಿ. ನಮ್ಮ ಕಾರಡ್ಕ, ಮುಳಿಯಾರು ಕಡೆಯವರೂ ಇದನ್ನು ಓದಲಿ, ಆನೆ ಇಲ್ಲಿಗೂ ಬರುತ್ತಿದೆ.

ಪ್ರಶ್ನೆ: ಕಾಡುಪ್ರಾಣಿ ಇದೆ ಅಂತ ಹಾಕಿದ ಬೋರ್ಡು ಮಲಯಾಳದಲ್ಲಿ ಮಾತ್ರ ಇದೆ. ನಮ್ಮ ಕಡೆಯ ಹಿರಿಯರಿಗೆ, ಕರ್ನಾಟಕದಿಂದ ಬರುವ ಡ್ರೈವರುಗಳಿಗೆ ಏನು ಪ್ರಯೋಜನ? (ಮಂಜೇಶ್ವರ ತಾಲೂಕು)

ಉತ್ತರ: ನೀವು ಹೇಳುವುದು ನೂರಕ್ಕೆ ನೂರು ಸರಿ. ಜೀವ ಉಳಿಸುವ ಮಾತು ಓದುವವನ ಭಾಷೆಯಲ್ಲಿ ಇರಬೇಕು. ಪಂಚಾಯತಿಗೂ ಲೋಕೋಪಯೋಗಿ ಇಲಾಖೆಗೂ ಅರ್ಜಿ ಕೊಡಿ, ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷೆಯ ಕಾನೂನಿನಲ್ಲಿ ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಬರೆಯಬಹುದು ಅಂತಲೇ ಇದೆ. ಪ್ರಾಣಿಯ ಚಿತ್ರವೂ ಇರಲಿ ಅಂತ ಕೇಳಿ, ಎಲ್ಲಿ ದಾಟುತ್ತವೆ ಅಂತ ಜಾಗವನ್ನೂ ನಿಖರವಾಗಿ ಬರೆಯಿರಿ. ಇಲಾಖೆಗಿಂತ ಊರವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ನನ್ನ ಪಿಕಪ್ಪಿಗೆ ಸಿಕ್ಕಿ ಹಂದಿ ಸತ್ತಿತು. ನೋಡುತ್ತಿದ್ದ ಹಾಗೆ ನಾಲ್ಕು ಜನ ಬಂದು 'ಸತ್ತದ್ದು ತಾನೆ' ಅಂತ ಹೊತ್ತುಕೊಂಡು ಹೋದರು. ನನಗೂ ಪಾಲು ಕೊಡುತ್ತೇವೆ ಅಂದರು, ಬೇಡ ಅಂದೆ. ಈಗ ಭಯ ಆಗುತ್ತಿದೆ. ಇನ್ಶೂರೆನ್ಸ್ ಸಿಗುತ್ತದಾ?

ಉತ್ತರ: ಬೇಡ ಅಂದದ್ದು ಒಳ್ಳೆಯದಾಯಿತು. 1972ರ ವನ್ಯಜೀವಿ ಕಾನೂನಿನ 39ನೇ ಸೆಕ್ಷನ್ ಪ್ರಕಾರ ಸತ್ತು ಸಿಕ್ಕಿದ ಕಾಡುಪ್ರಾಣಿ, ಗೊತ್ತಿಲ್ಲದೆ ಸಾಯಿಸಿದ ಕಾಡುಪ್ರಾಣಿ ಕೂಡ ಸರ್ಕಾರದ ಸೊತ್ತು. ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯದವರಿಗೋ ತಿಳಿಸಬೇಕು. ಮಾಂಸ ಮಾಡಿದರೆ ಕೇಸು. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ 2022ರಿಂದ ಕೇರಳದಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಇದೆ ನಿಜ, ಆದರೆ ಅದಕ್ಕೂ ಮಾಂಸಕ್ಕೂ ಸಂಬಂಧ ಇಲ್ಲ. ನೀವು ಹೋಗಿ ಆದದ್ದು ಆದ ಹಾಗೆ ಹೇಳಿಬಿಡಿ. ಬೇಕೆಂದೇ ಗುದ್ದಿದ್ದಲ್ಲವಲ್ಲ.

ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಿಮ್ಮ ಗಾಡಿಯ ರಿಪೇರಿಗೆ ಏನೂ ಸಿಗುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದರೆ ಪ್ರಾಣಿ ಗುದ್ದಿದ ಹಾನಿಗೂ ಸಿಗುತ್ತದೆ. ಗಾಡಿ ತೆಗೆಯುವ ಮೊದಲು ಫೋಟೋ, ಆ ದಿನವೇ ಕಂಪನಿಗೆ ತಿಳಿಸುವುದು, ಠಾಣೆಯ ದಿನಚರಿಯಲ್ಲಿ ಬರೆಸಿದ ಜಿ.ಡಿ. ಎಂಟ್ರಿ, ಈ ಮೂರು ಇದ್ದರೆ ಸಾಕಷ್ಟಾಯಿತು. ಸರ್ವೇಯರ್ ನೋಡುವ ಮೊದಲು ರಿಪೇರಿ ಮಾಡಿಸಬೇಡಿ. ಮುರಿದ ಬಂಪರಿಗೆ ಸಿಕ್ಕಿಕೊಂಡ ಕೂದಲನ್ನೂ ತೊಳೆಯಬೇಡಿ, ಅದೇ ಸಾಕ್ಷಿ.

ಜನರಿಗೆ ಪೆಟ್ಟಾಗಿದ್ದರೆ ಮಾತ್ರ ಇದೆಲ್ಲ ಆಮೇಲೆ. ಮೊದಲು 108 ಅಥವಾ 112. ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಸಿಕ್ಕಿಸುತ್ತಾರೆ ಅನ್ನುವ ಭಯ ಬೇಡ. ಮೋಟಾರು ಕಾನೂನಿಗೆ 2019ರಲ್ಲಿ ಮಾಡಿದ ತಿದ್ದುಪಡಿ ಅಂಥವರಿಗೆ ರಕ್ಷಣೆ ಕೊಟ್ಟಿದೆ.

ಪ್ರಶ್ನೆ: ಮಾಷ್ಟ್ರೇ, ನಾನು ಕಾಲೇಜು ಹುಡುಗಿ. ನೀರ್ಚಾಲಿನ ಹತ್ತಿರ ರಾತ್ರಿ ಎಂಟು ಗಂಟೆಗೆ ನನ್ನ ಸ್ಕೂಟರಿಗೆ ಒಂದು ಪುನುಗು ಬೆಕ್ಕು ಸಿಕ್ಕಿತು. ನಾನು ನೆಟ್ಟಗೆ ಬ್ರೇಕ್ ಹಿಡಿದೆ, ಆದರೂ ತಾಗಿತು. ಸ್ವಲ್ಪ ಹೊತ್ತು ಉಸಿರಾಡುತ್ತಿತ್ತು. ಏನು ಮಾಡಬೇಕೆಂದು ಗೊತ್ತಾಗದೆ ಅಳುತ್ತಾ ನಿಂತೆ. ಎಲ್ಲರೂ 'ಒಂದು ಬೆಕ್ಕಿಗೆ ಇಷ್ಟಾ' ಅಂತಾರೆ. ನಾನು ಏನು ಮಾಡಬೇಕಿತ್ತು?

ಉತ್ತರ: ಮಗಾ, ನೀನು ನಿಂತೆಯಲ್ಲ. ಎಷ್ಟೋ ಜನ ನಿಲ್ಲುವುದೇ ಇಲ್ಲ. ಹ್ಯಾಂಡಲ್ ತಿರುಗಿಸದೆ ನೆಟ್ಟಗೆ ಬ್ರೇಕ್ ಹಿಡಿದದ್ದೂ ಸರಿ, ಆ ಗಾಬರಿಯಲ್ಲಿ ಅದು ಎಲ್ಲರಿಗೂ ಬರುವುದಿಲ್ಲ. ಅತ್ತದ್ದಕ್ಕೆ ನಾಚಿಕೆ ಬೇಡ. ನಮ್ಮ ತೋಟದಲ್ಲಿ ಕಾಫಿ, ಬೈನೆ, ಆಲದ ಬೀಜ ಹರಡುವುದು ಅದೇ ಪ್ರಾಣಿ, ಹಣ್ಣು ತಿಂದು ಊರೆಲ್ಲ ತಿರುಗಿ.

ಇನ್ನೊಮ್ಮೆ ಹೀಗಾದರೆ ಮೊದಲು ನೀನು ಸುರಕ್ಷಿತ ಆಗಬೇಕು. ಸ್ಕೂಟರನ್ನು ಬದಿಗೆ ಹಾಕಿ ನಾಲ್ಕೂ ಇಂಡಿಕೇಟರ್ ಇದ್ದರೆ ಹಾಕು, ಇಲ್ಲದಿದ್ದರೆ ಎಡಗಡೆಯದ್ದು. ಜೀವ ಇರುವ ಪ್ರಾಣಿಯನ್ನು ಕೈಯಲ್ಲಿ ಮುಟ್ಟಬೇಡ, ನೋವಿನಲ್ಲಿ ಅದು ಕಚ್ಚುತ್ತದೆ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಹುಚ್ಚುನಾಯಿ ಇಂಜೆಕ್ಷನ್ ತೆಗೆದುಕೊಳ್ಳಬೇಕು. ಅರಣ್ಯದವರಿಗೆ ಫೋನ್ ಮಾಡು, ಹತ್ತಿರದ ರೇಂಜ್ ಕಚೇರಿಯ ನಂಬರು ಈಗಲೇ ಮೊಬೈಲಿನಲ್ಲಿ ಹಾಕಿಟ್ಟುಕೋ. ಅವರು ಬರುವವರೆಗೆ ಒಂದು ಗೋಣಿಯನ್ನೋ ಶಾಲನ್ನೋ ಮೆಲ್ಲಗೆ ಮೇಲೆ ಹಾಕಿದರೆ ಕತ್ತಲಾಗಿ ಅದು ಸ್ವಲ್ಪ ಶಾಂತವಾಗುತ್ತದೆ.

ಸತ್ತಿದ್ದರೆ ಒಂದು ಕೋಲಿನಿಂದ ರಸ್ತೆಯಿಂದ ಆಚೆಗೆ ಸರಿಸು, ಬದಿಯಲ್ಲೇ ಅಲ್ಲ, ಇನ್ನೂ ಒಳಗೆ. ಇಲ್ಲದಿದ್ದರೆ ಅದನ್ನು ತಿನ್ನಲು ನರಿ ಬರುತ್ತದೆ, ಬೆಳಿಗ್ಗೆ ಹದ್ದು ಬರುತ್ತದೆ, ಅವೂ ಅದೇ ಜಾಗದಲ್ಲಿ ಗಾಡಿಗೆ ಸಿಗುತ್ತವೆ. ಸರಿಸಲು ಆಗದಷ್ಟು ದೊಡ್ಡದಾದರೆ ಬದಿಯಿಂದ ಎಲೆ ಇರುವ ಒಂದು ಗೆಲ್ಲು ಮುರಿದು ಎರಡೂ ಕಡೆ ಮೂವತ್ತು ನಲವತ್ತು ಹೆಜ್ಜೆ ಹಿಂದೆ ರಸ್ತೆಯ ಮೇಲೆ ಇಡು. ನಮ್ಮ ಊರಿನಲ್ಲಿ ಗೆಲ್ಲು ಕಂಡರೆ ಮುಂದೆ ಏನೋ ಇದೆ ಅಂತ ಎಲ್ಲ ಡ್ರೈವರುಗಳಿಗೂ ತಿಳಿಯುತ್ತದೆ. ಆಮೇಲೆ ಆ ಗೆಲ್ಲು ತೆಗೆಯಲು ಮರೆಯಬೇಡ, ಬೈಕಿನವರು ಅದರ ಮೇಲೆಯೇ ಜಾರಿ ಬೀಳುತ್ತಾರೆ.